ತೊಳೆಯುವುದೇ ಮುಕ್ಕಾಲು ಪಾಲು

ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಬಂದಿತೆಂದರೆ ಮಕ್ಕಳಿಗೆ ಹಬ್ಬ. ನಿಂಬೆರಸ, ಮಜ್ಜಿಗೆ, ಸೋಪಿನ ನೀರು ಹೀಗೆ ಸಿಕ್ಕಿದ್ದಕ್ಕೆಲ್ಲ ಕಾಗದದ ಪಟ್ಟಿ ಅದ್ದಿ, ಬಣ್ಣವನ್ನು ಚಾರ್ಟಿನೊಡನೆ ಹೋಲಿಸಿ, ‘ಸಾರ್, ಎರಡು!’ ‘ಸಾರ್, ಹತ್ತು!’ ಎಂದು ಕೂಗುತ್ತಾರೆ. ಸೊನ್ನೆಯಿಂದ ಹದಿನಾಲ್ಕರವರೆಗಿನ ಈ ಪಿಎಚ್ ಅಳತೆ ಎಲ್ಲಿ ಹುಟ್ಟಿತು ಎಂದು ನಾನು ಕೇಳುವುದುಂಟು. ಯಾವುದೋ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಅದು ಹುಟ್ಟಿದ್ದು 1909ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ, ಕಾರ್ಲ್ಸ್‌ಬರ್ಗ್ ಎಂಬ ಬಿಯರ್ ತಯಾರಕರು ಕಟ್ಟಿಸಿದ ಪ್ರಯೋಗಾಲಯದಲ್ಲಿ. ಅಲ್ಲಿ ರಸಾಯನ ವಿಭಾಗದ ಮುಖ್ಯಸ್ಥನಾಗಿದ್ದ ಸೋರೆನ್‌ಸೆನ್ ಎಂಬಾತ ಅದನ್ನು ರೂಪಿಸಿದ.

ಬಿಯರ್ ಎಂಬ ಮಾತು ಬಂದ ಕೂಡಲೇ ಕೆಲವು ತಂದೆತಾಯಂದಿರು ಹುಬ್ಬು ಗಂಟಿಕ್ಕಬಹುದು. ಮೇಷ್ಟ್ರಾಗಿ ಮಕ್ಕಳಿಗೆ ಇಂಥದ್ದು ಹೇಳುವುದೇ ಎಂದು ಕೇಳಬಹುದು. ಮೊದಲೇ ಹೇಳಿಬಿಡುತ್ತೇನೆ: ಇದು ಕುಡಿತದ ಪರವಾಗಿ ಬರೆದದ್ದಲ್ಲ. ನಾನು ಕುಡಿಯುವವನೂ ಅಲ್ಲ. ಕುಡಿತದಿಂದ ಹಾಳಾದ ಮನೆಗಳ ಮಕ್ಕಳು ನನ್ನ ತರಗತಿಯ ಬೆಂಚುಗಳಲ್ಲೇ ಕೂತಿದ್ದಾರೆ. ಅವರು ಬೆಳಿಗ್ಗೆ ಹೊತ್ತು ತರುವ ಮುಖ ನನಗೆ ಗೊತ್ತು. ಆದರೂ ಈ ವಿಷಯವನ್ನು ಬರೆಯಬೇಕೆನಿಸಿದ್ದಕ್ಕೆ ಒಂದು ಕಾರಣವಿದೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಎರಡು ಎಕರೆ ತೋಟ, ಮೂರು ಸೀಮೆಹಸು, ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು. ಆ ಹಾಲಿನ ದುಡ್ಡಿನಲ್ಲೇ ಮಗನನ್ನು ಬಿಎಸ್ಸಿ ಓದಿಸಿದವರು. ಹುಡುಗ ಸೂಕ್ಷ್ಮಜೀವಿ ವಿಜ್ಞಾನ ತೆಗೆದುಕೊಂಡು ಒಳ್ಳೆಯ ಅಂಕ ಪಡೆದಿದ್ದ. ಈಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಸಹಾಯಕನಾಗಿದ್ದಾನೆ. ತಾವೇ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಇಂಥ ಜಾಗಗಳು 2010ರ ಆಸುಪಾಸಿನಿಂದ ಈಚೆಗೆ ಬೆಂಗಳೂರಿನಲ್ಲಿ ಒಂದೊಂದಾಗಿ ತಲೆಯೆತ್ತಿವೆ.

‘ಮೇಷ್ಟ್ರೇ, ಊರಲ್ಲಿ ಕೇಳಿದೋರಿಗೆಲ್ಲ ಫುಡ್ ಕಂಪನಿ ಅಂತ ಹೇಳ್ಕೊಂಡು ತಿರುಗ್ತಿದೀನಿ’ ಎಂದರು. ‘ಹೆಣ್ಣಿನ ಕಡೆಯೋರು ಬರೋ ಸೋಮವಾರ ಬರ್ತಾರೆ. ಅವರ ಮುಂದೆ ಏನು ಹೇಳಲಿ? ನನ್ನ ತಮ್ಮ ಸಾರಾಯಿ ಕುಡಿದೇ ಹೋದ. ಅದನ್ನ ಕಣ್ಣಾರೆ ಕಂಡ ಹುಡುಗ ಇವನು. ಓದಿಸಿದ್ದು ಇದಕ್ಕಾ?’

ನಾನು ಸುಮ್ಮನಿದ್ದೆ. ಸಾರಾಯಿ ನಮ್ಮ ರಾಜ್ಯದಲ್ಲಿ 2007ರಲ್ಲಿ ನಿಷೇಧವಾಯಿತು. ಅದರ ಹಿಂದಿನ ವರ್ಷಗಳಲ್ಲಿ ನಮ್ಮ ಸೀಮೆಯ ಯಾವ ಹಳ್ಳಿಯಲ್ಲೂ ಇಂಥ ತಮ್ಮಂದಿರ ಕಥೆಗೆ ಬರವಿರಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ನಮ್ಮ ವಯಸ್ಸಿನವರಿಗೆ ಮರೆತಿಲ್ಲ. ಮಿಥೈಲ್ ಆಲ್ಕೊಹಾಲ್ ಬೆರೆತಿದ್ದ ಸರಕು ಅದು. ಮಾಡಿದವನಿಗೂ ಕುಡಿಯುವವನಿಗೂ ಮುಖಪರಿಚಯವಿಲ್ಲದ ವ್ಯಾಪಾರ. ಇಷ್ಟನ್ನೂ ಬಲ್ಲ ಒಬ್ಬ ತಂದೆಗೆ ‘ಕಾಲ ಬದಲಾಗಿದೆ ಯಜಮಾನರೇ’ ಎಂದು ಹೇಳಿ ಕಾಫಿ ಕೊಟ್ಟು ಕಳಿಸುವುದು ಸುಲಭ. ಅದು ಉತ್ತರವಲ್ಲ. ಅವರೇ ಕೊನೆಗೆ, ‘ನೀವು ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ನಿಮಗೆ ಸರಿ ಕಂಡ್ರೆ ನಾನು ಬಾಯಿ ಮುಚ್ಕೋತೀನಿ’ ಎಂದರು.

ಹಾಗೆ ಹೋದೆ. ಬೆಳಗಿನ ಏಳು ಗಂಟೆ. ಗಿರಾಕಿಗಳಿಲ್ಲ, ಸಂಗೀತವಿಲ್ಲ. ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲ್ ತೊಟ್ಟಿಗಳು. ಮೊಣಕಾಲವರೆಗೆ ರಬ್ಬರ್ ಬೂಟು, ಕೈಗೆ ಗವಸು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ನನ್ನ ಶಿಷ್ಯ ನೆಲ ತೊಳೆಯುತ್ತಿದ್ದ. ನನ್ನನ್ನು ಕಂಡು ಪೈಪು ಕೆಳಗಿಟ್ಟು ಬಂದ.

‘ಏನಪ್ಪಾ, ಬಿಎಸ್ಸಿ ಓದಿ ನೆಲ ತೊಳೀತಿದ್ದೀಯಲ್ಲ?’ ಎಂದೆ, ತಮಾಷೆಗೆ.

‘ಇಲ್ಲಿ ಮುಕ್ಕಾಲು ಪಾಲು ಕೆಲಸ ತೊಳೆಯೋದೇ ಸಾರ್. ಮಿಕ್ಕ ಕಾಲು ಪಾಲಿನಲ್ಲಿ ಬಿಯರ್ ಅದರಷ್ಟಕ್ಕೆ ಅದೇ ಆಗುತ್ತೆ’ ಎಂದ.

ತಮಾಷೆಯಾಗಿ ಕಂಡ ಆ ಮಾತು ಮಧ್ಯಾಹ್ನದ ಹೊತ್ತಿಗೆ ಅಕ್ಷರಶಃ ನಿಜವೆನಿಸಿತು. ತಯಾರಿಕೆಯಲ್ಲಿ ಗುಟ್ಟೇನಿಲ್ಲ. ಬೇಕಾದದ್ದು ನಾಲ್ಕೇ: ಬಾರ್ಲಿ, ನೀರು, ಹಾಪ್ಸ್ ಎಂಬ ಬಳ್ಳಿಯ ಹೂ, ಯೀಸ್ಟ್. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿರುತ್ತಾರೆ. ನಮ್ಮ ಮನೆಗಳಲ್ಲಿ ಮಗುವಿಗೆಂದು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ರಾಗಿ ಸರಿ ಮಾಡುವ ಕ್ರಮವೇ ಅದು. ಮೊಳೆತ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಎಚ್ಚೆತ್ತಿರುತ್ತದೆ. ನಮ್ಮ ಜೊಲ್ಲಿನಲ್ಲಿರುವ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವದ ನಂಟ. ಕಾಳನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಗಂಜಿ ಸಿಹಿನೀರಾಗುತ್ತದೆ. ಅದನ್ನು ಸೋಸಿ, ಹಾಪ್ಸ್ ಹಾಕಿ, ಇನ್ನೊಂದು ಗಂಟೆ ಕುದಿಸುತ್ತಾರೆ. ಇಲ್ಲಿಯವರೆಗೆ ಹೆಚ್ಚಿನ ಭಯವಿಲ್ಲ. ಕುದಿಯುವ ನೀರಿನಲ್ಲಿ ಯಾವ ಸೂಕ್ಷ್ಮಜೀವಿ ತಾನೇ ಸುಖವಾಗಿದ್ದೀತು?

ಭಯ ಶುರುವಾಗುವುದು ಅದನ್ನು ಸುಮಾರು 20 ಡಿಗ್ರಿಗೆ ಆರಿಸಿದಾಗ. ಸಿಹಿಯಾದ, ಪುಷ್ಟಿಯಾದ, ಹಿತವಾದ ಬೆಚ್ಚಗಿನ ದ್ರವ. ಅದರಲ್ಲಿ ಯೀಸ್ಟ್ ಮಾತ್ರ ಬೆಳೆಯಬೇಕು. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಆದರೆ ಗಾಳಿಯಲ್ಲಿ, ಕೈಯಲ್ಲಿ, ಪೈಪಿನ ಒಳಮೈಯಲ್ಲಿ ಕಾದು ಕೂತಿರುವ ನೂರು ಬಗೆಯ ಜೀವಿಗಳಿಗೂ ಅದು ಮೃಷ್ಟಾನ್ನವೇ. ‘ಇಲ್ಲಿಂದ ಆಚೆಗೆ ಆಪರೇಷನ್ ಥಿಯೇಟರ್ ಇದ್ದ ಹಾಗೆ ಸಾರ್. ಕುದಿಸಿದ ಮೇಲೆ ಅದಕ್ಕೆ ತಾಗೋದೆಲ್ಲ ಶುದ್ಧವಾಗಿರಬೇಕು’ ಎಂದ ಹುಡುಗ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಬರೀ ನೀರು. ಆಮೇಲೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ, ನೂರಕ್ಕೆ ಎರಡರಷ್ಟು. ತೊಟ್ಟಿಯ ನೆತ್ತಿಯಲ್ಲಿರುವ ತೂತುಗಳ ಚೆಂಡಿನಿಂದ ಅದು ಒಳಗೋಡೆಗೆಲ್ಲ ಮಳೆಯಂತೆ ಸುರಿಯುತ್ತದೆ. ಅಂಟಿದ ಯೀಸ್ಟ್, ಪ್ರೋಟೀನು ಎಲ್ಲ ಕಳಚುತ್ತವೆ. ಮತ್ತೆ ನೀರು. ಆಮೇಲೆ ಆಮ್ಲ. ಬಚ್ಚಲ ಹಂಡೆಯಲ್ಲಿ ಗಡಸು ನೀರಿನಿಂದ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ ಇಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಒಂದು ಪದರ ಕಟ್ಟುತ್ತದೆ. ಅದಕ್ಕೆ ಕಾಸ್ಟಿಕ್ ಸಾಲದು, ಆಮ್ಲವೇ ಬೇಕು. ಮತ್ತೆ ನೀರು. ಕೊನೆಗೆ ಪೆರಾಸಿಟಿಕ್ ಆಮ್ಲದ ಅತಿ ತೆಳು ದ್ರಾವಣ, ಕ್ರಿಮಿ ಕೊಲ್ಲಲು. ಮೂಗಿಗೆ ಖಾರವಾಗಿ ಅಡರುವ ವಿನಿಗರ್ ವಾಸನೆ. ಅದು ತನ್ನ ಕೆಲಸ ಮುಗಿಸಿ ಅಸಿಟಿಕ್ ಆಮ್ಲ, ನೀರು, ಆಮ್ಲಜನಕವಾಗಿ ಒಡೆದುಹೋಗುತ್ತದೆ.

ನನಗೆ ನಮ್ಮ ಅಜ್ಜಿ ನೆನಪಾದರು. ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ, ಕಿಲುಬು ಹಿಡಿದ ಹಿತ್ತಾಳೆಗೆ ಹುಣಸೆಹಣ್ಣು. ಬೂದಿ ಕ್ಷಾರ, ಹುಣಸೆ ಆಮ್ಲ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡದು ಎಂಬುದು ಪಿಎಚ್ ಎಂಬ ಹೆಸರು ಕೇಳದೆಯೇ ಅವರಿಗೆ ಗೊತ್ತಿತ್ತು.

ಹುಡುಗ ಹೇಳಿದ ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕ್ರಿಮಿನಾಶಕವನ್ನು ಕೊಳೆಯ ಮೇಲೆ ಸುರಿದರೆ ಪ್ರಯೋಜನವಿಲ್ಲ. ಕೊಳೆಯೇ ಕ್ರಿಮಿಗಳಿಗೆ ಕೊಡೆ ಹಿಡಿಯುತ್ತದೆ. ಮೊದಲು ಕೊಳೆ ಹೋಗಬೇಕು, ಆಮೇಲೆ ಕ್ರಿಮಿ. ಕಣ್ಣಿಗೆ ಕಾಣುವ ಶುಭ್ರತೆ ಬೇರೆ, ಕಾಣದ ಶುಭ್ರತೆ ಬೇರೆ, ಮೊದಲನೆಯದಿಲ್ಲದೆ ಎರಡನೆಯದಿಲ್ಲ.

ಈ ಕೆಲಸದಲ್ಲಿ ಅಪಾಯವೂ ಇದೆ. ಹುದುಗುವಿಕೆ ಮುಗಿದ ತೊಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಗಾಳಿಕಂಡಿಯನ್ನು ತೆರೆಯದೆ ಕಾಸ್ಟಿಕ್ ಬಿಟ್ಟರೆ ಅದು ಅನಿಲವನ್ನು ಹೀರಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಒಳಗೆ ಒತ್ತಡ ಕುಸಿಯುತ್ತದೆ. ಒಳಗಿನಿಂದ ಎಷ್ಟು ಒತ್ತಿದರೂ ತಡೆಯುವ ಸ್ಟೀಲ್ ತೊಟ್ಟಿ, ಹೊರಗಿನ ಗಾಳಿಯ ಭಾರಕ್ಕೆ ಖಾಲಿ ಡಬ್ಬದಂತೆ ನಜ್ಜುಗುಜ್ಜಾಗಬಹುದು. ನಾನು ವರ್ಷವರ್ಷವೂ ಸುಣ್ಣದ ತಿಳಿನೀರಿಗೆ ಊದಿಸಿ ತೋರಿಸುವ ಅನಿಲ, ಅದೇ ಬಗೆಯ ರಾಸಾಯನಿಕ ಕ್ರಿಯೆ. ಇಲ್ಲಿ ಅದನ್ನು ಮರೆತವನು ಕಳೆದುಕೊಳ್ಳುವುದು ಒಂದು ಅಂಕವನ್ನಲ್ಲ.

ಬಿಯರ್ ತಯಾರಕರಿಗೆ ಈ ಬುದ್ಧಿ ಬಂದದ್ದು ತೀರಾ ಹಿಂದೇನಲ್ಲ. ಸಾವಿರಾರು ವರ್ಷ ಮನುಷ್ಯ ಬಿಯರ್ ಮಾಡಿದ, ಅದು ಏಕೆ ಕೆಡುತ್ತದೆ ಎಂದು ತಿಳಿಯದೆಯೇ ಮಾಡಿದ. 1871ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಲಂಡನ್ನಿನ ವಿಟ್‌ಬ್ರೆಡ್ ಎಂಬ ಹೆಸರಾಂತ ಬ್ರೂವರಿಗೆ ಹೋಗಿ, ಅವರ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಅದರಲ್ಲಿ ಬೇಡದ ಜೀವಿಗಳು ಸೇರಿಕೊಂಡಿವೆಯೆಂದು ತೋರಿಸಿದ. ವಾರದೊಳಗೆ ಅವನು ಮತ್ತೆ ಹೋದಾಗ ಅವರು ಆಗಲೇ ಒಂದು ಸೂಕ್ಷ್ಮದರ್ಶಕ ಕೊಂಡು ಕೆಲಸ ಶುರುಮಾಡಿದ್ದರಂತೆ. ಹೊರಗಿನವನೊಬ್ಬ ಬಂದು ನಿಮ್ಮ ಮನೆ ಕೊಳಕಾಗಿದೆ ಎಂದರೆ ಜಗಳಕ್ಕೆ ನಿಲ್ಲದೆ ಕಸಬರಿಕೆ ಕೊಂಡು ತಂದವರು ಎಷ್ಟು ಜನ? 1876ರಲ್ಲಿ ಪಾಶ್ಚರ್ ಬಿಯರ್ ಕುರಿತೇ ಒಂದು ದೊಡ್ಡ ಗ್ರಂಥ ಪ್ರಕಟಿಸಿದ.

ಮುಂದಿನ ಹೆಜ್ಜೆ ಕೋಪನ್‌ಹೇಗನ್ನಿನದು. ಜೇಕಬ್‌ಸೆನ್ ಎಂಬ ಉದ್ಯಮಿ 1847ರಲ್ಲಿ ಬ್ರೂವರಿ ಕಟ್ಟಿ ಅದಕ್ಕೆ ಮಗ ಕಾರ್ಲ್‌ನ ಹೆಸರಿಟ್ಟಿದ್ದ. 1875ರಲ್ಲಿ ಅದಕ್ಕೊಂದು ಪ್ರಯೋಗಾಲಯ ಸೇರಿಸಿದ. ಅಲ್ಲಿಯ ಬಿಯರೂ ಒಮ್ಮೆ ಕೆಟ್ಟಿತು. ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಎಂಬ ವಿಜ್ಞಾನಿ ಪರೀಕ್ಷಿಸಿದಾಗ, ಕೆಡಿಸಿದ್ದು ಬ್ಯಾಕ್ಟೀರಿಯಾ ಮಾತ್ರವಲ್ಲ, ಒಳ್ಳೆಯ ಯೀಸ್ಟಿನ ವೇಷದಲ್ಲಿ ಸೇರಿಕೊಂಡ ಕಾಡು ಯೀಸ್ಟ್ ಕೂಡ ಎಂದು ಗೊತ್ತಾಯಿತು. ಆತ ದ್ರವವನ್ನು ತೆಳುಮಾಡುತ್ತ ಮಾಡುತ್ತ, ಒಂದೇ ಒಂದು ಯೀಸ್ಟ್ ಕೋಶವನ್ನು ಬೇರ್ಪಡಿಸಿ, ಅದರ ಸಂತಾನವನ್ನಷ್ಟೇ ಬೆಳೆಸಿದ. 1883ರ ನವೆಂಬರಿನಲ್ಲಿ ಆ ಶುದ್ಧ ಯೀಸ್ಟಿನಿಂದ ಬಿಯರ್ ತಯಾರಾಯಿತು. ಜೇಕಬ್‌ಸೆನ್ ಅದನ್ನು ತಿಜೋರಿಯಲ್ಲಿಡಲಿಲ್ಲ, ಬೇರೆ ಬ್ರೂವರಿಗಳಿಗೂ ಹಂಚಿದ. ಅದೇ ವರ್ಷ ಅದೇ ಪ್ರಯೋಗಾಲಯದ ಕೆಲ್ಡಾಲ್ ಎಂಬಾತ ಆಹಾರದ ಸಾರಜನಕವನ್ನು ಅಳೆಯುವ ವಿಧಾನ ಕಂಡುಹಿಡಿದ. ಅದರ ಮೂಲಕ ಹಾಲಿನಲ್ಲಿ, ಬೇಳೆಯಲ್ಲಿ ಪ್ರೋಟೀನು ಎಷ್ಟಿದೆ ಎಂದು ಇಂದಿಗೂ ಲೆಕ್ಕ ಹಾಕುತ್ತಾರೆ. ಒಂದು ಪೀಪಾಯಿ ಏಕೆ ಹುಳಿಯಾಯಿತು ಎಂದು ಹಟ ಹಿಡಿದು ಕೇಳಿದವರಿಂದ ಇಷ್ಟು ವಿಜ್ಞಾನ ಬಂತು.

ಈಗ ಆ ಹುಡುಗನ ಕಥೆಗೆ ಬರೋಣ. ಕೆಲವು ತಿಂಗಳ ಹಿಂದೆ ನಡೆದದ್ದೆಂದು ಅವನೇ ಹೇಳಿದ. ಐನೂರು ಲೀಟರಿನ ಒಂದು ತೊಟ್ಟಿ ಬಡಿಸಲು ಸಿದ್ಧವಾಗುತ್ತಿತ್ತು. ಮಾದರಿ ತೆಗೆದು ಮೂಸಿದರೆ ಸ್ವಲ್ಪ ಬೆಣ್ಣೆಯ ವಾಸನೆ, ಹಿಂದೆಯೇ ತುಸು ಹುಳಿ. ಡೈಅಸಿಟೈಲ್ ಎಂಬ ವಸ್ತುವಿನಿಂದ ಆ ಬೆಣ್ಣೆಯ ವಾಸನೆ ಬರುತ್ತದೆ. ಯೀಸ್ಟಿನಿಂದಲೂ ಅದು ಬರಬಹುದು. ಅಂಥದ್ದಾದರೆ ಕೆಲವು ದಿನ ಬಿಟ್ಟರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಇವನು ಸುಮ್ಮನೆ ಕಾಯಲಿಲ್ಲ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಯೀಸ್ಟಿನ ದುಂಡು ಕೋಶಗಳ ನಡುವೆ ನಾಲ್ಕು ನಾಲ್ಕಾಗಿ ಅಂಟಿಕೊಂಡ ಪುಟ್ಟ ಚುಕ್ಕೆಗಳು. ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಹೀಗೆಯೇ ಇರುತ್ತದೆ.

ವ್ಯಾಪಾರ ನೋಡಿಕೊಳ್ಳುವವರು, ‘ಹಣ್ಣಿನ ರಸ ಬೆರೆಸಿ ಸ್ಪೆಷಲ್ ಅಂತ ಹೆಸರಿಟ್ಟು ಕೊಡೋಣ. ಯಾರಿಗೆ ಗೊತ್ತಾಗುತ್ತೆ?’ ಎಂದರಂತೆ.

ಈ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ. ಆ ಬಿಯರ್ ಕುಡಿದು ಯಾರೂ ಆಸ್ಪತ್ರೆ ಸೇರುತ್ತಿರಲಿಲ್ಲ. ಬಿಯರಿನಲ್ಲಿ ಆಲ್ಕೊಹಾಲ್ ಇದೆ, ಹಾಪ್ಸಿನ ಕಹಿ ಇದೆ, ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆ, ಪಿಎಚ್ ನಾಲ್ಕೂವರೆಗಿಂತ ಕೆಳಗೆ. ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಅಲ್ಲಿ ಬೆಳೆಯಲಾರವು. ಅದನ್ನು ಕೆಡಿಸುವ ಹುಳಿ ಬ್ಯಾಕ್ಟೀರಿಯಾ ನಮ್ಮ ಮೊಸರು, ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾಗಳ ಬಂಧುಗಳೇ. ಅಂದರೆ ಇಲ್ಲಿ ಪೊಲೀಸರ ಭಯವಿಲ್ಲ, ಸಾವಿನ ಭಯವಿಲ್ಲ. ಗಿರಾಕಿ ಮುಖ ಸಿಂಡರಿಸಿ, ಇದರ ರುಚಿಯೇ ಹೀಗಿರಬೇಕು ಎಂದುಕೊಂಡು ಹೋಗುತ್ತಿದ್ದ. ಭಯವಿದ್ದಲ್ಲಿ ಶುಚಿಯಾಗಿರುವುದು ಎಲ್ಲರಿಗೂ ಬರುತ್ತದೆ. ಭಯವಿಲ್ಲದ ಕಡೆ ಉಳಿಯುವುದು ಮಾಡುವವನ ಮರ್ಯಾದೆಯೊಂದೇ.

ಅಲ್ಲಿಯ ಹಿರಿಯ ತಯಾರಕರು ಒಂದು ಲೋಟ ಮೂಸಿ ನೋಡಿ, ‘ಚೆಲ್ಲು’ ಎಂದರಂತೆ. ಅಷ್ಟನ್ನೂ ತ್ಯಾಜ್ಯದ ತೊಟ್ಟಿಗೆ ಬಿಟ್ಟರು. ಆಮೇಲೆ ಎರಡು ದಿನ ಒಂದೊಂದೇ ನಳಿಕೆ, ಒಂದೊಂದೇ ಕವಾಟ ಬಿಚ್ಚಿ ಹುಡುಕಿದರು. ಒಂದು ಕವಾಟದ ರಬ್ಬರ್ ವಾಷರಿನಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. ಕಾಸ್ಟಿಕ್ ಅದರ ಮೇಲೆಯೇ ಹರಿದುಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಕೆಲವೇ ರೂಪಾಯಿಯ ವಾಷರ್. ಅಂದಿನಿಂದ ಪ್ರತಿ ಸಲವೂ ವಾಷರುಗಳನ್ನು ಬಿಚ್ಚಿ, ಟಾರ್ಚ್ ಹಿಡಿದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಸಹಿ ಮಾಡುತ್ತಾರೆ. ಆ ನೋಟ್‌ಬುಕ್ಕನ್ನು ಅವನು ನನಗೆ ತೋರಿಸಿದ. ಹೈಸ್ಕೂಲಿನಲ್ಲಿ ಕೋಳಿಕಾಲಿನಂತಿದ್ದ ಅವನ ಅಕ್ಷರ ಈಗ ಮುತ್ತಿನಂತಿರಲಿಲ್ಲ, ಆದರೆ ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ.

‘ಈ ಪರಿ ತೊಳೆಯೋದನ್ನ ಕಾಲೇಜಿನಲ್ಲಿ ಕಲಿಸಿದರೇನಪ್ಪಾ?’ ಎಂದು ಕೇಳಿದೆ.

‘ಇಲ್ಲ ಸಾರ್, ಮನೇಲಿ’ ಎಂದ. ‘ಅಪ್ಪ ಹಾಲಿನ ಕ್ಯಾನು ತೊಳೆದಿದ್ದನ್ನ ಬೆಳಕಿಗೆ ಹಿಡಿದು ನೋಡ್ತಿದ್ರು. ಮುಚ್ಚಳದ ಸಂದಿಯಲ್ಲಿ ಬೆರಳಾಡಿಸಿ ಜಿಡ್ಡಿದ್ರೆ ಮತ್ತೆ ತೊಳಿ ಅನ್ನೋರು. ಚಳಿಗಾಲದಲ್ಲೂ ಅಷ್ಟೇ.’

ಊರಿಗೆ ಬಂದು ಅವನ ತಂದೆಗೆ ಎಲ್ಲವನ್ನೂ ಹೇಳಿದೆ. ಅವರು ತೋಟದ ಬದುವಿನ ಮೇಲೆ ಕೂತು ಕೇಳಿಸಿಕೊಂಡರು. ಐನೂರು ಲೀಟರ್ ಚೆಲ್ಲಿದ ಮಾತು ಬಂದಾಗ ತಟ್ಟನೆ ತಲೆಯೆತ್ತಿ, ‘ಅದನ್ನ ಇವನ ಸಂಬಳದಲ್ಲಿ ಮುರ್ಕೊಂಡ್ರಾ?’ ಎಂದರು. ಇಲ್ಲವೆಂದೆ. ಕ್ಯಾನಿನ ಮಾತು ಹೇಳಿದಾಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಕೆಲಸ ನಿಯತ್ತಿನದೇ ಇರಬಹುದು ಮೇಷ್ಟ್ರೇ. ಆದ್ರೆ ಆ ಲೋಟ ಕೊನೆಗೆ ಹೋಗೋದು ಯಾರದೋ ಮನೆ ಮಗನ ಕೈಗೆ’ ಎಂದರು.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಎಷ್ಟೇ ಶುದ್ಧವಾಗಿ ಮಾಡಿದರೂ ಆಲ್ಕೊಹಾಲ್ ಆಲ್ಕೊಹಾಲೇ. ಯಕೃತ್ತು ಬಾಟಲಿಯ ಹೆಸರು ನೋಡುವುದಿಲ್ಲ. ಇದನ್ನು ಆ ಹುಡುಗನಿಗೂ ಹೇಳಿದ್ದೆ. ‘ಗೊತ್ತು ಸಾರ್, ಚಿಕ್ಕಪ್ಪ ನೆನಪಿದ್ದಾರೆ’ ಎಂದಿದ್ದ. ಮುಂದೆ ಅವನು ಔಷಧ ತಯಾರಿಕೆಗೋ ಹಾಲಿನ ಉದ್ಯಮಕ್ಕೋ ಹೋಗಬಹುದು, ಅಲ್ಲೇ ಉಳಿಯಲೂಬಹುದು. ಅದು ಅವನ ನಿರ್ಧಾರ. ತಂದೆಗೆ ನಾನು ಹೇಳಿದ್ದು ಇಷ್ಟೇ: ಬೇಡವೆಂದು ಅನಿಸಿದರೆ ಮಗನಿಗೆ ನೇರವಾಗಿ ಹೇಳಿ, ಆದರೆ ಅವನ ಕೆಲಸವನ್ನು ಮುಚ್ಚಿಡಬೇಡಿ. ಮುಚ್ಚಿಡುವಂಥದ್ದನ್ನು ಅವನು ಮಾಡುತ್ತಿಲ್ಲ. ಸೋಮವಾರ ಹೆಣ್ಣಿನ ಕಡೆಯವರು ಬಂದಾಗ ಅವರು ಇದ್ದದ್ದನ್ನು ಇದ್ದಂತೆ ಹೇಳಿದರಂತೆ. ಆ ಸಂಬಂಧ ಕೂಡಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರವಿದೆ, ಆದರೆ ಫುಡ್ ಕಂಪನಿ ಎನ್ನುವುದನ್ನು ಬಿಟ್ಟಿದ್ದಾರೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಶಾಲೆಯ ಪ್ರಯೋಗಾಲಯದಲ್ಲಿ ಪ್ರಯೋಗ ಮಾಡಲು ಎಲ್ಲರೂ ಮುಂದೆ ಬರುತ್ತೀರಿ, ಪ್ರನಾಳ ತೊಳೆಯಲು ಹೇಳಿದಾಗ ಎಲ್ಲರಿಗೂ ಬಸ್ಸಿನ ಹೊತ್ತಾಗಿರುತ್ತದೆ. ತೊಳೆಯುವುದು ಪ್ರಯೋಗ ಮುಗಿದ ಮೇಲಿನ ಕೆಲಸವಲ್ಲ, ಮುಂದಿನ ಪ್ರಯೋಗದ ಮೊದಲ ಹೆಜ್ಜೆ. ತಂದೆತಾಯಂದಿರಿಗೂ ಅಷ್ಟೇ: ಮಕ್ಕಳು ಓದಲೆಂದು ಅವರ ತಟ್ಟೆಯನ್ನೂ ನೀವೇ ತೊಳೆದಿಟ್ಟರೆ, ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಒಂದು ಪಾಠವನ್ನು ಅವರಿಂದ ತಪ್ಪಿಸಿದಂತೆ.

ನೀವು ತೊಳೆದ ಗಾಜಿನ ಲೋಟ ನಿಜಕ್ಕೂ ಶುಭ್ರವಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ರಸಾಯನಶಾಸ್ತ್ರದವರೂ ಬಳಸುತ್ತಾರೆ, ಆ ಬ್ರೂವರಿಯಲ್ಲೂ ಬಳಸುತ್ತಾರೆ. ಲೋಟದ ಒಳಮೈಯನ್ನೆಲ್ಲ ನೀರಿನಿಂದ ಒದ್ದೆ ಮಾಡಿ, ನೀರು ಚೆಲ್ಲಿ, ಬೆಳಕಿಗೆ ಹಿಡಿಯಿರಿ. ಗಾಜು ಶುಭ್ರವಾಗಿದ್ದರೆ ನೀರು ಎಲ್ಲೂ ಒಡೆಯದೆ ತೆಳು ಪದರವಾಗಿ ಇಳಿಯುತ್ತದೆ. ಜಿಡ್ಡು ಉಳಿದಿದ್ದರೆ ಆ ಜಾಗದಲ್ಲಿ ಪದರ ಹರಿದು ಹನಿಹನಿಯಾಗಿ ನಿಲ್ಲುತ್ತದೆ. ಇವತ್ತು ರಾತ್ರಿ ಊಟವಾದ ಮೇಲೆ ಒಂದು ಲೋಟ ತೆಗೆದುಕೊಂಡು ನೋಡಿ. ಹನಿ ನಿಂತರೆ ಮತ್ತೊಮ್ಮೆ ತೊಳೆಯಿರಿ.